ಬ್ಯಾಂಕಾಕ್ ಮಾಲ್‌ನಲ್ಲಿ ನೂರು ಬಾತ್‌ಗೆ ಹೊಟ್ಟೆ ತುಂಬ ಊಟ

ಮೊದಲ ಸಲ ಬ್ಯಾಂಕಾಕ್‌ಗೆ ಹೋದಾಗ ನಾವೂ ಎಲ್ಲರ ಹಾಗೇ ಮಾಡಿದ್ವಿ. ಸುಖುಮ್ವಿತ್ ರಸ್ತೆಯಲ್ಲಿ ಇಂಡಿಯನ್ ಹೋಟೆಲ್‌ನ ಬೋರ್ಡ್ ಕಂಡ ಕೂಡಲೇ ಒಳಗೆ ನುಗ್ಗಿದ್ವಿ. ಒಂದು ದಾಲ್, ಒಂದು ಪನೀರ್, ನಾಲ್ಕು ರೊಟ್ಟಿ, ಒಂದು ಜೀರಾ ರೈಸ್. ಮೂರು ಜನಕ್ಕೆ ಬಿಲ್ ಸಾವಿರ ಬಾತ್ (ಥಾಯ್ಲೆಂಡ್‌ನ ಹಣ) ದಾಟಿತ್ತು. ನಮ್ಮನೆಯವರು ಮನಸ್ಸಿನಲ್ಲೇ ಅದನ್ನು ರೂಪಾಯಿಗೆ ಗುಣಿಸಿ, ಟೇಬಲ್ ಮೇಲಿದ್ದ ಸೋಂಪನ್ನು ಮೂರು ಸಲ ಬಾಯಿಗೆ ಹಾಕಿಕೊಂಡರು. ಅಷ್ಟಾದರೂ ವಸೂಲಾಗಲಿ ಅಂತ.

ಅಲ್ಲಿಂದ ಹತ್ತು ನಿಮಿಷ ನಡೆದರೆ ಒಂದು ದೊಡ್ಡ ಮಾಲ್. ಅದರ ಐದನೇ ಮಹಡಿಯಲ್ಲಿ ಅದೇ ಮೂರು ಜನ ಮುನ್ನೂರು ಬಾತ್‌ಗೆ ಉಂಡು, ಸಿಹಿ ತಿಂದು, ಎಳನೀರು ಕುಡಿದು ಬರಬಹುದು ಅಂತ ಗೊತ್ತಾಗಿದ್ದು ಮೂರನೇ ದಿನ. ನಮ್ಮೂರಲ್ಲಿ ಮಾಲ್‌ನ ಫುಡ್ ಕೋರ್ಟ್ ಅಂದರೆ ಜೇಬಿಗೆ ಕತ್ತರಿ. ಹಾಗಾಗಿ ಅದರ ಕಡೆ ತಲೆ ಹಾಕಬೇಕು ಅಂತ ನಮಗೆ ತೋಚಲೇ ಇಲ್ಲ. ಥಾಯ್ಲೆಂಡ್‌ನಲ್ಲಿ ಲೆಕ್ಕ ಉಲ್ಟಾ. ಮಾಲ್‌ನಲ್ಲಿ ಕೆಲಸ ಮಾಡುವ ಹುಡುಗಿಯರು, ಪಕ್ಕದ ಆಫೀಸಿನವರು, ಶಾಲೆ ಮುಗಿಸಿ ಬಂದ ಮಕ್ಕಳು, ಎಲ್ಲರೂ ದಿನಾ ಊಟ ಮಾಡುವ ಜಾಗ ಅದು. ದಿನಾ ತಿನ್ನುವವರ ಹತ್ತಿರ ದಿನಾ ದುಬಾರಿ ದುಡ್ಡು ಕೇಳೋಕಾಗಲ್ಲ, ಅಲ್ವಾ?

ಆಮೇಲೆ ಎರಡು ಸಲ ಹೋಗಿ ಬಂದಿದ್ದೇನೆ. ಒಂದು ಸಲ ಈರುಳ್ಳಿ, ಬೆಳ್ಳುಳ್ಳಿ ಮುಟ್ಟದ ಅತ್ತೆಯನ್ನು ಕರೆದುಕೊಂಡು. ಆ ಅನುಭವದ ಮೇಲೆ ಇದನ್ನು ಬರೆಯುತ್ತಿದ್ದೇನೆ. ರೂಪಾಯಿ ಲೆಕ್ಕಕ್ಕೆ ಬಾತ್ ಅನ್ನು ಮೂರರಿಂದ ಗುಣಿಸಿಕೊಳ್ಳಿ. ನಿಜವಾದ ದರ ಅದಕ್ಕಿಂತ ಸ್ವಲ್ಪ ಕಡಿಮೆಯೇ ಇರುತ್ತದೆ, ಆದರೆ ಕೈ ಬಿಗಿ ಹಿಡಿಯಲು ಮೂರೇ ಒಳ್ಳೆಯದು.

ಯಾವ ಮಾಲ್, ಯಾವ ಮಹಡಿ

ಒಂದೇ ಮಾಲ್‌ನಲ್ಲಿ ಊಟದ ಜಾಗ ಎರಡು ಮೂರು ಥರ ಇರುತ್ತವೆ. ಗಾಜಿನ ಬಾಗಿಲು, ಬಾಗಿಲಲ್ಲಿ ಮೆನು ಹಿಡಿದು ನಿಂತ ಹುಡುಗಿ ಇದ್ದರೆ ಅದು ರೆಸ್ಟೋರೆಂಟ್. ಅಲ್ಲಿನ ಮೆನುವಿನಲ್ಲಿ ಬೆಲೆಯ ಪಕ್ಕ ಎರಡು ಕೂಡಿಸುವ ಚಿಹ್ನೆ ಇದೆಯಾ ನೋಡಿ. ಇದ್ದರೆ ಬರೆದ ಬೆಲೆಯ ಮೇಲೆ ಶೇಕಡಾ 10 ಸರ್ವಿಸ್ ಚಾರ್ಜ್, ಅದರ ಮೇಲೆ ಶೇಕಡಾ 7 ತೆರಿಗೆ ಬೀಳುತ್ತದೆ ಅಂತ ಅರ್ಥ. ಫುಡ್ ಕೋರ್ಟ್‌ನಲ್ಲಿ ಈ ತಲೆನೋವಿಲ್ಲ. ಬೋರ್ಡ್ ಮೇಲೆ 50 ಅಂದರೆ 50. ಟಿಪ್ಸ್ ಕೂಡ ಯಾರೂ ಕೊಡುವುದಿಲ್ಲ.

ಅಗ್ಗದ ಫುಡ್ ಕೋರ್ಟ್ ಸಾಮಾನ್ಯವಾಗಿ ಮೇಲಿನ ಮಹಡಿಯಲ್ಲಿರುತ್ತದೆ. ಊಟಕ್ಕೆ ಅಂತ ಮೇಲೆ ಹತ್ತಿಸಿದರೆ ಹೋಗುತ್ತಾ ಬರುತ್ತಾ ನಾಲ್ಕು ಅಂಗಡಿಗೆ ಕಣ್ಣು ಹಾಯಿಸುತ್ತೀರಿ, ಅದೇ ಮಾಲ್‌ನವರ ಉಪಾಯ ಅಂತ ನನ್ನ ಅಂದಾಜು. ನೆಲಮಹಡಿಯಲ್ಲಿ ಬಾಗಿಲ ಹತ್ತಿರವೇ ಚೆಂದಕ್ಕೆ ಜೋಡಿಸಿಟ್ಟ ಊಟದ ಅಂಗಡಿಗಳಿದ್ದರೆ ಅವು ಸ್ವಲ್ಪ ದುಬಾರಿ ಅಂತಲೇ ತಿಳಿದುಕೊಳ್ಳಿ.

ನನ್ನ ಮೊದಲ ಆಯ್ಕೆ ಅಸೋಕ್‌ನ ಟರ್ಮಿನಲ್ 21. 2011ರಲ್ಲಿ ಶುರುವಾದ ಮಾಲ್. ಬಿಟಿಎಸ್ ರೈಲಿನ ಅಸೋಕ್ ಸ್ಟೇಷನ್‌ನಿಂದ ನೇರ ಸೇತುವೆ ಇದೆ, ಕೆಳಗೆ ಎಂಆರ್‌ಟಿ ಅನ್ನುವ ಮೆಟ್ರೋದ ಸುಖುಮ್ವಿತ್ ಸ್ಟೇಷನ್. ಒಂದೊಂದು ಮಹಡಿಗೆ ಒಂದೊಂದು ಊರಿನ ವೇಷ: ರೋಮ್, ಪ್ಯಾರಿಸ್, ಟೋಕಿಯೋ, ಲಂಡನ್, ಇಸ್ತಾಂಬುಲ್. ಸ್ಯಾನ್ ಫ್ರಾನ್ಸಿಸ್ಕೋದ ಕೆಂಪು ಸೇತುವೆ ತಲೆ ಮೇಲೆ ಕಾಣಿಸಿತು ಅಂದರೆ ಊಟ ಹತ್ತಿರ ಬಂತು. ಐದನೇ ಮಹಡಿಯಲ್ಲಿ ಪಿಯರ್ 21 ಅನ್ನುವ ಫುಡ್ ಕೋರ್ಟ್. ಬ್ಯಾಂಕಾಕ್‌ನ ಮಾಲ್‌ಗಳಲ್ಲಿ ಇಷ್ಟು ಅಗ್ಗದ್ದು ನಾನು ಬೇರೆ ನೋಡಿಲ್ಲ. ಪಟ್ಟಾಯಕ್ಕೆ ಹೋಗುವವರಿಗೆ ಅಲ್ಲೂ ಒಂದು ಟರ್ಮಿನಲ್ 21 ಇದೆ, ಅಲ್ಲೂ ಪಿಯರ್ 21 ಇದೆ.

ಎರಡನೆಯದು ಎಂಬಿಕೆ. 1985ರ ಹಳೆಯ ಮಾಲ್, ಬಿಟಿಎಸ್‌ನ ನ್ಯಾಷನಲ್ ಸ್ಟೇಡಿಯಂ ಸ್ಟೇಷನ್‌ಗೆ ಅಂಟಿಕೊಂಡಂತಿದೆ. ಆರನೇ ಮಹಡಿಯ ಫುಡ್ ಕೋರ್ಟ್ ಪಿಯರ್ 21ಕ್ಕಿಂತ ಸ್ವಲ್ಪ ತುಟ್ಟಿ. ಬಟ್ಟೆ ವ್ಯಾಪಾರಕ್ಕೆ ಅಂತ ಪ್ರತುನಾಮ್‌ಗೆ ಹೋಗುವ ನಮ್ಮವರಿಗೆ ಅಲ್ಲೇ ಪ್ಲಾಟಿನಂ ಫ್ಯಾಷನ್ ಮಾಲ್‌ನ ಆರನೇ ಮಹಡಿ ಸಾಕು. ಚೀಲ ಹೊತ್ತುಕೊಂಡು ಬೇರೆ ಕಡೆ ಅಲೆಯುವುದು ಯಾಕೆ? ನದಿ ದಡದ ಐಕಾನ್‌ಸಿಯಾಮ್‌ನ ನೆಲಮಹಡಿಯಲ್ಲಿ ತೇಲುವ ಸಂತೆಯ ಹಾಗೆ ಕಟ್ಟಿರುವ ಸೂಕ್‌ಸಿಯಾಮ್ ನೋಡೋಕೆ ಬಹಳ ಚೆಂದ. ಆದರೆ ಚೆಂದಕ್ಕೂ ದುಡ್ಡು ಸೇರಿಸುತ್ತಾರೆ. ಒಂದು ಸಲ ನೋಡಿ, ಒಂದು ತಿಂಡಿ ತಿನ್ನಿ, ಊಟಕ್ಕೆ ಬೇರೆ ಕಡೆ ಹೋಗಿ.

ಊರ ಹೊರಗೆ ಉಳಿದುಕೊಂಡಿದ್ದರೆ ಬಿಗ್ ಸಿ, ಲೋಟಸ್ ಥರದ ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲಿ ಹುಡುಕಿ. ಅವುಗಳ ಒಳಗೂ ಫುಡ್ ಕೋರ್ಟ್ ಇರುತ್ತದೆ. ಪ್ರವಾಸಿಗಳು ಕಮ್ಮಿ, ಬೆಲೆಯೂ ಕಮ್ಮಿ, ಇಂಗ್ಲಿಷ್ ಇನ್ನೂ ಕಮ್ಮಿ.

ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲೂ ಇಂಥದ್ದೇ ಒಂದಿದೆ. ಆಗಮನದ ಮಹಡಿಯಿಂದ ಒಂದು ಮಹಡಿ ಕೆಳಗೆ. ನಿಲ್ದಾಣದ ಸಿಬ್ಬಂದಿ ಉಣ್ಣುವ ಜಾಗ. ಬೆಳಗಿನ ಜಾವ ಬಂದಿಳಿದು ಹೋಟೆಲ್ ರೂಮ್ ಸಿಗುವವರೆಗೆ ಹೊಟ್ಟೆ ತಾಳ ಹಾಕುತ್ತಿದ್ದರೆ ಮೊದಲು ಅಲ್ಲಿಗೇ ಹೋಗಿ.

ಹೊತ್ತು ನೋಡಿಕೊಂಡು ಹೋಗಿ

ಮಾಲ್‌ಗಳು ಸಾಮಾನ್ಯವಾಗಿ ಬೆಳಿಗ್ಗೆ 10ರಿಂದ ರಾತ್ರಿ 10ರವರೆಗೆ. ಮಧ್ಯಾಹ್ನ 12ರಿಂದ 1 ಗಂಟೆ ಆಫೀಸಿನವರ ಊಟದ ಹೊತ್ತು. ಆಗ ಹೋದರೆ ತಟ್ಟೆ ಹಿಡಿದುಕೊಂಡು ಕುರ್ಚಿಗಾಗಿ ಕಾಯುವ ಪಾಡು. ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾದ ಹಾಗೆ, ಉಣ್ಣುತ್ತಿರುವವರ ಬೆನ್ನ ಹಿಂದೆ ನಿಲ್ಲಬೇಕಾಗುತ್ತದೆ. 11 ಗಂಟೆಗೆ ಅಥವಾ ಎರಡರ ನಂತರ ಹೋಗಿ. ರಾತ್ರಿ ಎಂಟೂವರೆ ಮೀರಿಸಬೇಡಿ, ಒಳ್ಳೊಳ್ಳೆಯ ಪಲ್ಯಗಳು ಖಾಲಿಯಾಗಿ ಪಾತ್ರೆಯ ತಳ ಕಾಣುತ್ತಿರುತ್ತದೆ.

ಮೊದಲು ಕಾರ್ಡ್

ಅಂಗಡಿಗೆ ನೇರ ಹೋಗಿ ನೋಟು ಚಾಚಿದರೆ ಅಂಗಡಿಯಾಕೆ ನಗುತ್ತಾ ಕೈ ಆಡಿಸಿ ದೂರದ ಕೌಂಟರ್ ತೋರಿಸುತ್ತಾಳೆ. ಹೆಚ್ಚಿನ ಫುಡ್ ಕೋರ್ಟ್‌ಗಳಲ್ಲಿ ಅಂಗಡಿಯವರು ನಗದು ಮುಟ್ಟುವುದಿಲ್ಲ. ಒಳಗೆ ಬರುವ ಜಾಗದಲ್ಲೇ ಕ್ಯಾಷಿಯರ್ ಕೌಂಟರ್ ಇರುತ್ತದೆ. ಅಲ್ಲಿ ದುಡ್ಡು ಕೊಟ್ಟರೆ ಅಷ್ಟು ಮೊತ್ತ ತುಂಬಿದ ಒಂದು ಪ್ಲಾಸ್ಟಿಕ್ ಕಾರ್ಡ್ ಕೊಡುತ್ತಾರೆ. ಅದನ್ನು ಅಂಗಡಿಯವರಿಗೆ ಕೊಡಿ, ಅವರು ಮೆಷಿನ್‌ಗೆ ತಾಗಿಸುತ್ತಾರೆ, ಚಿಕ್ಕ ಪರದೆ ಮೇಲೆ ಕಡಿತವಾದದ್ದೂ ಉಳಿದದ್ದೂ ಬರುತ್ತದೆ. ಮಿಕ್ಕ ದುಡ್ಡು ಹೊರಡುವಾಗ ವಾಪಸ್.

ಎಷ್ಟು ತುಂಬಿಸಬೇಕು? ಪಿಯರ್ 21ರಲ್ಲಾದರೆ ತಲೆಗೆ 100 ಬಾತ್, ಬೇರೆ ಮಾಲ್‌ಗಳಲ್ಲಿ 150. ಕಮ್ಮಿ ಬಿದ್ದರೆ ಮತ್ತೆ ತುಂಬಿಸಬಹುದು. ನಾಲ್ಕು ಜನ ಇದ್ದರೆ ಎರಡು ಕಾರ್ಡ್ ತೆಗೆದುಕೊಳ್ಳಿ. ಒಂದೇ ಕಾರ್ಡ್ ಇಟ್ಟುಕೊಂಡರೆ ಒಬ್ಬರ ಅನ್ನ ಬರುವವರೆಗೆ ಇನ್ನೊಬ್ಬರು ಸುಮ್ನೆ ಕಾಯಬೇಕು. ನಾಲ್ಕು ತೆಗೆದುಕೊಂಡರೆ ಕೊನೆಗೆ ನಾಲ್ಕರಲ್ಲೂ ಚೂರುಪಾರು ಉಳಿದಿರುತ್ತದೆ.

ಈ ಕೌಂಟರ್‌ನಿಂದ ಇನ್ನೊಂದು ಉಪಕಾರ ಇದೆ. ಥಾಯ್ ಎಟಿಎಂಗಳು ಸಾವಿರದ ನೋಟನ್ನೇ ಜಾಸ್ತಿ ಉಗುಳುತ್ತವೆ. ವಿದೇಶಿ ಕಾರ್ಡ್‌ಗೆ ಪ್ರತಿ ಸಲ 200 ಬಾತ್‌ಗೂ ಜಾಸ್ತಿ ಶುಲ್ಕ ಹಿಡಿಯುವುದರಿಂದ ನಾವೂ ಒಮ್ಮೆಗೇ ದೊಡ್ಡ ಮೊತ್ತ ತೆಗೆಯುತ್ತೇವೆ. ಆ ಸಾವಿರದ ನೋಟನ್ನು ಬೀದಿಯ ಗಾಡಿಯವರಿಗೆ, ಟ್ಯಾಕ್ಸಿಯವರಿಗೆ ಕೊಟ್ಟರೆ ಮುಖ ಸಿಂಡರಿಸುತ್ತಾರೆ. ಇಲ್ಲಿ 200 ತುಂಬಿಸಿ ಅಂದರೆ ಮಾತಾಡದೆ 800 ಚಿಲ್ಲರೆ ಎಣಿಸಿ ಕೊಡುತ್ತಾರೆ.

ಒಂದು ಸುತ್ತು ಬರಿಗೈಲಿ

ಕಾರ್ಡ್ ಸಿಕ್ಕಿತು ಅಂತ ಮೊದಲ ಅಂಗಡಿಗೆ ಓಡಬೇಡಿ. ಕಾರ್ಡ್ ಜೇಬಿಗೆ ಹಾಕಿ ಇಡೀ ಫುಡ್ ಕೋರ್ಟ್ ಒಂದು ಸುತ್ತು ಹಾಕಿ. ಐದು ನಿಮಿಷ ಹಿಡಿಯುತ್ತದೆ. ಅಂಗಡಿಗಳು ಸಾಲಾಗಿರುತ್ತವೆ, ಪ್ರತಿಯೊಂದರ ಮೇಲೂ ಫೋಟೋ, ಬೆಲೆ ನಮಗೆ ಗೊತ್ತಿರುವ ಅಂಕಿಯಲ್ಲೇ, ಹೆಚ್ಚಿನ ಕಡೆ ಇಂಗ್ಲಿಷ್ ಹೆಸರೂ ಇರುತ್ತದೆ. ಒಂದು ಅಂಗಡಿ ಒಂದೇ ಬಗೆಯ ಅಡುಗೆ ಮಾಡುತ್ತದೆ. ಕೋಳಿ ಅನ್ನದವರು ಕೋಳಿ ಅನ್ನ ಮಾತ್ರ, ನೂಡಲ್ಸ್‌ನವರು ನೂಡಲ್ಸ್ ಮಾತ್ರ. ಯೂನಿಫಾರಂ ಹಾಕಿ, ಕೊರಳಿಗೆ ಐಡಿ ಕಾರ್ಡ್ ತೂಗುಬಿಟ್ಟ ಹುಡುಗ ಹುಡುಗಿಯರು ಎಲ್ಲಿ ಸಾಲು ನಿಂತಿದ್ದಾರೆ ನೋಡಿ. ನಾನು ಕಣ್ಣು ಮುಚ್ಚಿ ಆ ಸಾಲಿಗೆ ಸೇರುತ್ತೇನೆ.

ಮಾಂಸ ತಿನ್ನುವವರಿಗೆ ಮೂರು ನಾಲ್ಕು ಹೆಸರು ಸಾಕು. ಖಾವ್ ಮನ್ ಕಾಯ್ ಅಂದರೆ ಕೋಳಿ ಸಾರಿನಲ್ಲಿ ಬೇಯಿಸಿದ ಅನ್ನ, ಮೇಲೆ ಬೇಯಿಸಿದ ಕೋಳಿ, ಪಕ್ಕದಲ್ಲಿ ಶುಂಠಿ ಮೆಣಸಿನ ಚಟ್ನಿ. ಖಾರ ಇಲ್ಲ, ಮಕ್ಕಳಿಗೆ ಒಳ್ಳೆಯದು. ಪಾಡ್ ಕಪ್ರಾವ್ ಅಂದರೆ ತುಳಸಿ ಎಲೆ ಹಾಕಿ ಜೋರು ಉರಿಯಲ್ಲಿ ಹುರಿದ ಮಾಂಸ, ಅನ್ನದ ಜೊತೆ. ಹೌದು, ನಾವು ಕಟ್ಟೆ ಕಟ್ಟಿ ಪೂಜೆ ಮಾಡುವ ಅದೇ ತುಳಸಿ ಜಾತಿ. ಬಿಸಿ ಎಣ್ಣೆಗೆ ಬಿದ್ದಾಗ ಅದರ ಘಮವೇ ಬೇರೆ. ಖಾವ್ ಮೋಕ್ ಕಾಯ್ ನಮ್ಮ ಬಿರಿಯಾನಿಯ ನೆಂಟ. ಹಳದಿ ಅನ್ನ, ಕೋಳಿ, ಜೊತೆಗೆ ಹುಳಿ ಸಿಹಿ ಹಸಿರು ಚಟ್ನಿ. ಇದನ್ನು ಮುಸ್ಲಿಮರ ಹಲಾಲ್ ಅಂಗಡಿಯಲ್ಲಿ ಮಾಡುತ್ತಾರೆ, ಹಂದಿ ಬೇಡ ಅನ್ನುವವರಿಗೆ ಅದೇ ಭದ್ರವಾದ ಜಾಗ. ಬೇರೆ ಕಡೆ ಕೇಳಿಕೊಳ್ಳಿ: ಮೂ ಅಂದರೆ ಹಂದಿ, ನೂವಾ ದನ, ಕಾಯ್ ಕೋಳಿ, ಕುಂಗ್ ಸೀಗಡಿ, ಪ್ಲಾ ಮೀನು.

ತಟ್ಟೆ ನಮ್ಮ ಲೆಕ್ಕಕ್ಕೆ ಚಿಕ್ಕದು. ಮುದ್ದೆ ಉಣ್ಣುವ ಹೊಟ್ಟೆಗೆ ಅರ್ಧ ಆಗುತ್ತದೆ. ಪಿಸೆಟ್ ಅಂದರೆ ದೊಡ್ಡ ತಟ್ಟೆ, ಸಾಮಾನ್ಯವಾಗಿ 10 ಬಾತ್ ಜಾಸ್ತಿ. ಬರೀ ಅನ್ನ ಇನ್ನೊಂದು ಬೇಕಿದ್ದರೆ ಖಾವ್ ಪ್ಲಾವ್ ಅನ್ನಿ. ನಾವು ಮಾಡುವುದು ಬೇರೆ: ಮೂರು ಜನಕ್ಕೆ ನಾಲ್ಕು ತಟ್ಟೆ, ಎಲ್ಲ ನಡುವೆ ಇಟ್ಟು ಹಂಚಿಕೊಂಡು ತಿನ್ನುವುದು.

ಸಸ್ಯಾಹಾರಿಗಳು ಇಲ್ಲಿ ನಿಧಾನಕ್ಕೆ ಓದಿ

ಅತ್ತೆ ಜೊತೆ ಹೋದ ಸಲ ಒಂದು ಅಂಗಡಿಯಲ್ಲಿ ತೋಫು ಸೂಪ್‌ನ ಫೋಟೋ ನೋಡಿ ನಾನೇ ತಂದುಕೊಟ್ಟೆ. ಬಿಳಿ ತೋಫು, ಹಸಿರು ಸೊಪ್ಪು, ತಿಳಿ ನೀರು. ಇದಕ್ಕಿಂತ ಸಾತ್ವಿಕ ಏನಿದೆ? ಅತ್ತೆ ಚಮಚ ಹಾಕಿ ಕದಡಿದರು. ತಳದಿಂದ ಬೂದು ಬಣ್ಣದ ಚಿಕ್ಕ ಉಂಡೆಗಳು ಮೇಲೆ ಬಂದವು. ಹಂದಿ ಖೀಮಾ. ಅತ್ತೆ ಏನೂ ಅನ್ನಲಿಲ್ಲ. ಬಟ್ಟಲನ್ನು ಮೆಲ್ಲಗೆ ನನ್ನ ಕಡೆ ತಳ್ಳಿ, ಬ್ಯಾಗಿನಿಂದ ಕೋಡುಬಳೆ ಡಬ್ಬಿ ತೆಗೆದರು.

ತಪ್ಪು ಅಂಗಡಿಯವರದ್ದಲ್ಲ, ನನ್ನದು. ನಾನು ಕೇಳಲೇ ಇಲ್ಲ. ಅಲ್ಲಿ ತೋಫು ಅಂದರೆ ಸಸ್ಯಾಹಾರ ಅಂತೇನಿಲ್ಲ, ಮಾಂಸದ ಜೊತೆಗೇ ಹಾಕುವ ಇನ್ನೊಂದು ಪದಾರ್ಥ ಅಷ್ಟೇ. ಬರೀ ತರಕಾರಿ ಹುರಿದು ಕೊಡಿ ಅಂದರೂ ಅದಕ್ಕೆ ನಾಮ್ ಪ್ಲಾ ಅನ್ನುವ ಮೀನಿನ ಸಾಸ್ ಬೀಳುತ್ತದೆ, ಇಲ್ಲವೇ ಚಿಪ್ಪುಮೀನಿನ ಸಾಸ್. ಹಸಿರು ಕರಿ, ಕೆಂಪು ಕರಿಯ ಮಸಾಲೆಯಲ್ಲಿ ಸೀಗಡಿ ಅರೆದಿರುತ್ತಾರೆ. ಪಪ್ಪಾಯಿ ಕೋಸಂಬರಿಯ ಹಾಗೆ ಕಾಣುವ ಸೋಮ್ ತಮ್‌ನಲ್ಲಿ ಒಣ ಸೀಗಡಿ. ಪಾಡ್ ಥಾಯ್ ನೂಡಲ್ಸ್‌ನಲ್ಲಿ ಹುಣಸೆಹುಳಿ, ತಾಳೆಬೆಲ್ಲ, ಕಡಲೆಕಾಯಿ ಎಲ್ಲ ನಮ್ಮ ನಾಲಿಗೆಗೆ ಹಿಡಿಸುವಂಥದ್ದೇ, ಆದರೆ ಅದರಲ್ಲೂ ಮೊಟ್ಟೆ, ಒಣ ಸೀಗಡಿ, ಮೀನಿನ ಸಾಸ್. ಇವು ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಫೋಟೋ ನಂಬಿ ಆರ್ಡರ್ ಮಾಡಬೇಡಿ.

ನೀವು ಹುಡುಕಬೇಕಾದದ್ದು ಒಂದು ಹಳದಿ ಬಾವುಟ ಅಥವಾ ಹಳದಿ ಬೋರ್ಡ್. ಅದರ ಮೇಲೆ ಕೆಂಪಿನಲ್ಲಿ ಎರಡು ಅಕ್ಷರ ಬರೆದಿರುತ್ತದೆ. ನಮ್ಮ ಕಣ್ಣಿಗೆ ಅದು 17 ಅಂತ ಕಾಣುತ್ತದೆ. ಓದುವುದು ಜೇ ಅಂತ. ಚೀನೀ ಬೌದ್ಧರ ವ್ರತದ ಅಡುಗೆ ಇದು. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಇನ್ನೂ ಒಳ್ಳೆಯ ಸುದ್ದಿ, ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಮನೆಯಲ್ಲಿ ಈರುಳ್ಳಿ ಒಳಗೆ ಬಿಡದ ಮಾಧ್ವರಿಗೆ, ಜೈನರಿಗೆ ಬ್ಯಾಂಕಾಕ್‌ನ ಇಂಡಿಯನ್ ಹೋಟೆಲ್‌ಗಿಂತ ಈ ಜೇ ಅಂಗಡಿಯೇ ಹತ್ತಿರ. ಆದರೂ ಆಲೂಗಡ್ಡೆ, ಮೂಲಂಗಿ ತಿನ್ನದ ಜೈನರು ಬೇರುಗಡ್ಡೆಯ ಬಗ್ಗೆ ಬೇರೆಯಾಗಿ ನೋಡಿಕೊಳ್ಳಬೇಕು, ಜೇಯಲ್ಲಿ ಅದಕ್ಕೆ ನಿಷೇಧ ಇಲ್ಲ.

ಇನ್ನೊಂದು ಮಾತು ಮಂಗ್‌ಸಾವಿರತ್. ಕಷ್ಟ ಅನ್ನಿಸಿದರೆ ಬಿಡಿಸಿ ನೋಡಿ: ಮಾಂಸ, ವಿರತಿ. ನಮ್ಮದೇ ಮಾತು, ಸಮುದ್ರ ದಾಟಿ ಹೋಗಿ ಮೂಗಿನಲ್ಲಿ ಮಾತಾಡುವುದು ಕಲಿತಿದೆ ಅಷ್ಟೇ. ಮಂಗ್‌ಸಾವಿರತ್ ಅಂದರೆ ಮಾಂಸ ಇಲ್ಲ, ಆದರೆ ಮೊಟ್ಟೆ, ಹಾಲು, ಈರುಳ್ಳಿ, ಬೆಳ್ಳುಳ್ಳಿ ಇರಬಹುದು. ಕಟ್ಟುನಿಟ್ಟು ಬೇಕಿದ್ದರೆ ಜೇ ಅನ್ನಿ.

ಬೇಕಾಗುವ ಥಾಯ್ ಇಷ್ಟೇ. ಕಿನ್ ಜೇ: ನಾನು ಜೇ ತಿನ್ನುವವಳು. ಮೈ ಸೈ ನಾಮ್ ಪ್ಲಾ: ಮೀನಿನ ಸಾಸ್ ಹಾಕಬೇಡಿ. ಮೈ ಸೈ ಖೈ: ಮೊಟ್ಟೆ ಬೇಡ. ಮೈ ಪೆಟ್: ಖಾರ ಬೇಡ. ಹೆಂಗಸರು ಕೊನೆಗೆ ಖಾ ಅಂತ, ಗಂಡಸರು ಖ್ರಪ್ ಅಂತ ಸೇರಿಸಬೇಕು, ನಮ್ಮಲ್ಲಿ ರೀ ಅಂದ ಹಾಗೆ. ಉಚ್ಚಾರ ತಪ್ಪಿದರೂ ಆ ಖಾ ಕೇಳಿದರೆ ಅವರ ಮುಖ ಅರಳುತ್ತದೆ. ನಂಬಿಕೆ ಇಲ್ಲದಿದ್ದರೆ ಜೇ ಬೋರ್ಡ್‌ನ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡು ತೋರಿಸಿ, ಮಾತೇ ಬೇಡ.

ಪಿಯರ್ 21ರಲ್ಲಿ ಒಂದು ಸಸ್ಯಾಹಾರದ ಅಂಗಡಿ ಇದೆ. ಸ್ಟೀಲ್ ಟ್ರೇಗಳಲ್ಲಿ ಎಂಟು ಹತ್ತು ಬಗೆ ಪಲ್ಯ, ಗೊಜ್ಜು ಇಟ್ಟಿರುತ್ತಾರೆ. ಅನ್ನದ ಮೇಲೆ ಒಂದು ಬಗೆಯಾದರೆ ಒಂದು ಬೆಲೆ, ಎರಡಾದರೆ ಇನ್ನೊಂದು. ಬೆರಳು ತೋರಿಸಿದರೆ ಸಾಕು. ಅತ್ತೆಯನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಹಂದಿ ಖೀಮಾದ ನಂತರ ಅವರು ಯಾರನ್ನೂ ನಂಬುವ ಸ್ಥಿತಿಯಲ್ಲಿ ಇರಲಿಲ್ಲ. ಟ್ರೇಗೆ ಬಗ್ಗಿ ನೋಡಿದರು. ಒಂದರಲ್ಲಿ ಮೀನಿನ ತುಂಡು ಮಲಗಿದ ಹಾಗಿತ್ತು, ಕಪ್ಪು ಚರ್ಮದ ಸಮೇತ.

"ಇದು ಮೀನಲ್ವೇನೇ?"

"ಅಲ್ಲ ಅತ್ತೆ, ಸೋಯಾದ್ದು. ಆ ಕಪ್ಪು ಕಡಲ ಪಾಚಿ."

"ಮೀನು ಬೇಡ ಅನ್ನೋರಿಗೆ ಮೀನಿನ ಥರಾನೇ ಯಾಕೆ ಮಾಡ್ತಾರೆ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಜೇ ಅಡುಗೆಯಲ್ಲಿ ಹೀಗೆ ಸೋಯಾ, ಗೋಧಿ ಅಂಟಿನಲ್ಲಿ ಕೋಳಿ, ಬಾತುಕೋಳಿ, ಮೀನು ಎಲ್ಲವನ್ನೂ ಕಂಡದ್ದು ಕಂಡ ಹಾಗೆ ಮಾಡುತ್ತಾರೆ. ನೋಡಿ ಗಾಬರಿಯಾಗಬೇಡಿ. ಇಷ್ಟ ಇಲ್ಲದಿದ್ದರೆ ಕೋಸು, ಅಣಬೆ, ಕುಂಬಳಕಾಯಿ, ತೋಫು ಇರುವ ಟ್ರೇ ತೋರಿಸಿ. ಅತ್ತೆ ಕೊನೆಗೆ ಕೋಸು ಮತ್ತು ಕುಂಬಳಕಾಯಿ ಹಾಕಿಸಿಕೊಂಡು, ಉಪ್ಪು ಕಮ್ಮಿ ಅನ್ನುತ್ತಲೇ ಪೂರ್ತಿ ತಿಂದರು. ಮರುದಿನ ಬೇರೆಲ್ಲಿಗೂ ಬೇಡ, ಅಲ್ಲಿಗೇ ಹೋಗೋಣ ಅಂದರು.

ಎಲ್ಲ ಫುಡ್ ಕೋರ್ಟ್‌ನಲ್ಲೂ ಜೇ ಅಂಗಡಿ ಇರುತ್ತದೆ ಅಂತ ಹೇಳೋಕಾಗಲ್ಲ. ಆದರೆ ವರ್ಷದಲ್ಲಿ ಒಂಬತ್ತು ದಿನ ಊರೆಲ್ಲ ಹಳದಿ ಬಾವುಟ ಹಾರುತ್ತದೆ. ಚೀನೀ ಪಂಚಾಂಗದ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ ಜೇ ಹಬ್ಬ. ಎಷ್ಟೋ ವರ್ಷ ಅದು ನಮ್ಮ ನವರಾತ್ರಿಯ ಜೊತೆಗೇ ಬರುತ್ತದೆ. 2024ರಲ್ಲಿ ಎರಡೂ ಅಕ್ಟೋಬರ್ 3ರ ಹೊತ್ತಿಗೆ ಶುರುವಾದವು. ನಮಗಿಲ್ಲದೆ ಅವರಿಗೆ ಮಾತ್ರ ಅಧಿಕ ಮಾಸ ಬಿದ್ದ ವರ್ಷ ದೂರ ಹೋಗುತ್ತದೆ. 2025ರಲ್ಲಿ ನಮ್ಮ ದಸರಾ ಮುಗಿದು ಎಷ್ಟೋ ದಿನದ ಮೇಲೆ, ಅಕ್ಟೋಬರ್ ಕೊನೆಯ ಭಾಗದಲ್ಲಿ ಅವರ ಹಬ್ಬ ಬಂತು. ದಸರಾ ರಜೆಯಲ್ಲಿ ಹೋಗುವವರು ಹಬ್ಬದ ದಿನ ನೋಡಿಕೊಂಡು ಟಿಕೆಟ್ ಮಾಡಿದರೆ ಊಟದ ಚಿಂತೆಯೇ ಇಲ್ಲ.

ಚಮಚ, ಖಾರ, ಕುರ್ಚಿ

ತಟ್ಟೆ ಕೊಡುವವರು ಎಲ್ಲ ಕಡೆ ಚಮಚ ಕೊಡುವುದಿಲ್ಲ. ಒಂದು ಕಂಬದ ಹತ್ತಿರವೋ ಮೂಲೆಯಲ್ಲೋ ಚಮಚ, ಫೋರ್ಕ್, ಕಡ್ಡಿಗಳ ಡಬ್ಬಿ ಇರುತ್ತದೆ. ಕೆಲವು ಕಡೆ ಪಕ್ಕದಲ್ಲೇ ಅನ್ನದ ಕುಕ್ಕರ್‌ನಂಥ ಪಾತ್ರೆಯಲ್ಲಿ ನೀರು ಕುದಿಯುತ್ತಿರುತ್ತದೆ. ಅದು ಕುಡಿಯಲು ಅಲ್ಲ. ಚಮಚವನ್ನು ಎರಡು ಕ್ಷಣ ಅದರಲ್ಲಿ ಅದ್ದಿ ತೆಗೆಯಬೇಕು. ನಮ್ಮನೆಯವರು ಮೊದಲ ಸಲ ಲೋಟ ಹಿಡಿದುಕೊಂಡು ಹೋಗಿ ನಿಂತಿದ್ದರು.

ಥಾಯ್ ಜನ ಅನ್ನವನ್ನು ಚಮಚದಲ್ಲಿ ತಿನ್ನುತ್ತಾರೆ. ಫೋರ್ಕ್ ಎಡಗೈಲಿ, ಚಮಚಕ್ಕೆ ತಳ್ಳಲು ಮಾತ್ರ. ಕೈಯಲ್ಲೇ ತಿನ್ನಬೇಕು ಅನ್ನಿಸಿದರೆ ಖಾವ್ ನಿಯಾವ್ ತೆಗೆದುಕೊಳ್ಳಿ. ಅಂಟು ಅನ್ನ. ಅದನ್ನು ಅವರೂ ಬೆರಳಲ್ಲೇ ಚಿಕ್ಕ ಉಂಡೆ ಕಟ್ಟಿ ಅದ್ದಿಕೊಂಡು ತಿನ್ನುತ್ತಾರೆ.

ನೂಡಲ್ಸ್ ಅಂಗಡಿ ಮುಂದೆ ನಾಲ್ಕು ಬಟ್ಟಲಿನ ಒಂದು ಸ್ಟ್ಯಾಂಡ್ ಕಾಣಿಸುತ್ತದೆ. ಸಕ್ಕರೆ, ಒಣಮೆಣಸಿನ ಪುಡಿ, ಮೆಣಸು ಹಾಕಿದ ವಿನೆಗರ್, ಮೆಣಸು ಹಾಕಿದ ಮೀನಿನ ಸಾಸ್. ನಿಮಗೆ ಬೇಕಾದಷ್ಟು ಹಾಕಿಕೊಳ್ಳಬಹುದು, ದುಡ್ಡಿಲ್ಲ. ನೀರು ನೀರಾಗಿರುವ ಕೊನೆಯದರಿಂದ ಸಸ್ಯಾಹಾರಿಗಳು ದೂರ ಇರಿ. ಆ ಚೂಪು ಚಿಕ್ಕ ಮೆಣಸಿನ ಬಗ್ಗೆ ಎಲ್ಲರೂ ಹುಷಾರು. ಅದರ ಥಾಯ್ ಹೆಸರಿಗೆ ಇಲಿ ಹಿಕ್ಕೆ ಮೆಣಸು ಅಂತ ಅರ್ಥ. ಮಲೆನಾಡಿನವರಿಗೆ ಗೊತ್ತಿರುವ ಸೂಜಿ ಮೆಣಸಿನ ಬಳಗ. ಬ್ಯಾಡಗಿ ತಿಂದು ಬೆಳೆದವರು ಖಾರದ ಜಂಬ ಕೊಚ್ಚಿಕೊಳ್ಳಬೇಡಿ, ಬ್ಯಾಡಗಿ ಬಣ್ಣಕ್ಕೆ, ಇದು ಕಣ್ಣೀರಿಗೆ.

ಗದ್ದಲ ಇದ್ದರೆ ಒಬ್ಬರು ಮೊದಲು ಕುರ್ಚಿ ಹಿಡಿಯಲಿ. ಊಟ ಆದ ಮೇಲೆ ತಟ್ಟೆಯನ್ನು ಸಾಮಾನ್ಯವಾಗಿ ಕೆಲಸದವರೇ ತೆಗೆಯುತ್ತಾರೆ. ತಟ್ಟೆ ಇಡುವ ಸ್ಟ್ಯಾಂಡ್ ಕಂಡರೆ ನಾವೇ ಇಟ್ಟು ಬರುತ್ತೇವೆ.

ಕುಡಿಯಲು, ಸಿಹಿಗೆ

ಉಳಿಸಿದ ದುಡ್ಡೆಲ್ಲ ಹೋಗುವುದು ಇಲ್ಲೇ. 50 ಬಾತ್ ಊಟ ಮಾಡಿ, 60 ಬಾತ್ ಹಣ್ಣಿನ ಶೇಕ್ ಕುಡಿದರೆ ಏನು ಬಂತು? ನೀರಿನ ಬಾಟಲಿ, ಐಸ್ ಚಹಾ ಅಗ್ಗ. ಕಿತ್ತಳೆ ಬಣ್ಣದ ಥಾಯ್ ಐಸ್ ಚಹಾಕ್ಕೆ ಕಂಡೆನ್ಸ್ಡ್ ಹಾಲು ಧಾರಾಳವಾಗಿ ಸುರಿಯುತ್ತಾರೆ. ವಾನ್ ನೋಯ್ ಅಂದರೆ ಸಿಹಿ ಕಮ್ಮಿ. ಕಮ್ಮಿ ಅಂದ ಮೇಲೂ ಅದು ನಮ್ಮ ಮೈಸೂರು ಪಾಕಿನಷ್ಟು ಸಿಹಿ ಇರುತ್ತದೆ.

ಮಾವಿನಹಣ್ಣಿನ ಜೊತೆ ಅಂಟು ಅನ್ನ, ಮೇಲೆ ತೆಂಗಿನಹಾಲು. ಮಾರ್ಚ್‌ನಿಂದ ಜೂನ್‌ವರೆಗೆ ಹೋದರೆ ಇದನ್ನು ಬಿಡಬೇಡಿ. ಹಾಲಿಲ್ಲ, ಮೊಟ್ಟೆಯಿಲ್ಲ, ಅತ್ತೆಗೂ ಒಪ್ಪಿಗೆ. ಅದಕ್ಕಿಂತ ಅಗ್ಗವಾಗಿ ಖನೋಮ್ ಕ್ರೋಕ್ ಸಿಕ್ಕರೆ ನಿಂತು ನೋಡಿ. ಗುಳಿಗಳಿರುವ ದಪ್ಪ ಕಾವಲಿ, ಅಕ್ಕಿ ಹಿಟ್ಟು, ತೆಂಗಿನಹಾಲು. ಒಂದು ಬದಿ ಗರಿಗರಿ, ಮೇಲೆ ಕೆನೆಯಷ್ಟು ಮೆತ್ತಗೆ, ಮೇಲೆ ನಾಲ್ಕು ಜೋಳದ ಕಾಳು ಅಥವಾ ಈರುಳ್ಳಿ ಹೂ. ಎರಡು ಅರ್ಧ ಸೇರಿಸಿ ಒಂದು ಮಾಡಿ ಕೊಡುತ್ತಾರೆ. ಅತ್ತೆ ಆ ಕಾವಲಿ ನೋಡಿ, "ಪಡ್ಡು ಕಾವಲಿ ಕಣೇ ಇದು!" ಅಂತ ಜೋರಾಗಿ ಅಂದರು. ಅಂಗಡಿಯಾಕೆ ಏನೋ ಹೊಗಳಿದರು ಅಂದುಕೊಂಡು ಕೈ ಮುಗಿದಳು. ಹೂವಿಲ್ಲದವನ್ನೇ ಆರಿಸಿಕೊಂಡು ಒಂದು ಡಬ್ಬಿ ಖಾಲಿ ಮಾಡಿದ್ವಿ.

ನಾನು ಕೊನೆಯ ಸಲ ಪಿಯರ್ 21ರಲ್ಲಿ ಒಬ್ಬಳೇ ಉಂಡದ್ದರ ಲೆಕ್ಕ: ಎರಡು ಪಲ್ಯದ ಅನ್ನ 50, ನೀರು 10, ತೆಂಗಿನಹಾಲಿನ ಸಿಹಿ 25. ಒಟ್ಟು 85 ಬಾತ್. ನೀವು ಹೋಗುವ ಹೊತ್ತಿಗೆ ಐದು ಹತ್ತು ಏರಿರಬಹುದು. ಎಂಬಿಕೆಯಲ್ಲಿ ಇಂಥದ್ದೇ ಊಟಕ್ಕೆ 130 ಕೊಟ್ಟಿದ್ದೆ.

ಹೊರಡುವ ಮುಂಚೆ ಉಳಿದ ದುಡ್ಡು

ಒಂದು ಮಾಲ್‌ನಲ್ಲಿ ರಾತ್ರಿ ಊಟ ಮುಗಿಸಿ, ಕೆಳಗೆ ಚಪ್ಪಲಿ ಅಂಗಡಿ ನೋಡಿಕೊಂಡು, ಆಮೇಲೆ ನೆನಪಾಗಿ ಮೇಲೆ ಓಡಿದೆ. ಕೌಂಟರ್‌ಗೆ ಪರದೆ ಎಳೆದಿದ್ದರು. ಮರುದಿನ ಬೆಳಿಗ್ಗೆ ಆರಕ್ಕೆ ವಿಮಾನ. 85 ಬಾತ್ ತುಂಬಿದ ಆ ಕಾರ್ಡ್ ಈಗಲೂ ನಮ್ಮ ಮನೆ ಡ್ರಾಯರ್‌ನಲ್ಲಿ ಕರೆಂಟ್ ಬಿಲ್‌ಗಳ ನಡುವೆ ಬಿದ್ದಿದೆ.

ಹಾಗಾಗಿ ಕೈ ತೊಳೆದ ಕೂಡಲೇ ಕೌಂಟರ್‌ಗೆ ಹೋಗಿ. ಕೆಲವು ಕಡೆ ತುಂಬಿಸುವುದಕ್ಕೆ ಒಂದು ಕಿಟಕಿ, ವಾಪಸ್ ಕೊಡುವುದಕ್ಕೆ ಇನ್ನೊಂದು. ನಾಳೆ ಮತ್ತೆ ಬರುತ್ತೇನೆ ಅಂತ ಇಟ್ಟುಕೊಳ್ಳಬೇಡಿ. ಕೆಲವು ಕಾರ್ಡ್ ಅದೇ ದಿನಕ್ಕೆ ಮಾತ್ರ ನಡೆಯುತ್ತವೆ, ಹಿಂದುಗಡೆ ಬರೆದಿರುತ್ತಾರೆ. ಒಂದು ಮಾಲ್‌ನ ಕಾರ್ಡ್ ಇನ್ನೊಂದು ಮಾಲ್‌ನಲ್ಲಿ ನಡೆಯುವುದಿಲ್ಲ. ಕಾರ್ಡ್ ಕೊಟ್ಟರೆ ಒಂದು ಮಾತೂ ಕೇಳದೆ ಕೊನೆಯ ಬಾತ್‌ವರೆಗೂ ಎಣಿಸಿ ಕೊಡುತ್ತಾರೆ. ಬಹಳ ಸಲ ಅದು ನಾಣ್ಯದಲ್ಲೇ ಬರುತ್ತದೆ. ಆ ನಾಣ್ಯಗಳನ್ನು ಪರ್ಸಿನ ಹೊರಗಿನ ಜೇಬಿನಲ್ಲೇ ಇಟ್ಟುಕೊಳ್ಳಿ, ಕೆಳಗೆ ಬಿಟಿಎಸ್ ಟಿಕೆಟ್ ಮೆಷಿನ್‌ಗೆ ಉಪಯೋಗಕ್ಕೆ ಬರುತ್ತವೆ.